ಲ್ಯಾಂಥನೈಡೋ, ಲ್ಯಾಂಥನಾಯ್ಡೋ?

ಹಾಸನದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಧಾತುಗಳ ಚಾರ್ಟಿನ ಕೆಳಗೆ ಬೇರೆಯಾಗಿ ಇಡುವ ಎಫ್-ಬ್ಲಾಕ್‌ನ ಪಾಠವನ್ನು ಮೊದಲೆಲ್ಲ ಎರಡು ಪೀರಿಯಡ್‌ನಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಲ್ಯಾಂಥನಮ್ಮಿನಿಂದ ಶುರುವಾಗುವ ಲೋಹಗಳ ಗುಂಪು ಲ್ಯಾಂಥನೈಡ್, ನಾಲಿಗೆ ಹೊರಳದ ಹದಿನೈದು ಹೆಸರು. ಉರು ಹೊಡೀರಿ ಅಂದರೆ ಆಯಿತು.

ಒಮ್ಮೆ ಆಲೂರು ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಕ್ಲೋರೈಡ್, ಸಲ್ಫೈಡ್ ಅಂದ್ರೆ ಎಲೆಕ್ಟ್ರಾನ್ ಪಡೆದ ಋಣ ಅಯಾನು ಅಂದಿದ್ರಿ. ಲ್ಯಾಂಥನೈಡೂ ಹಾಗೇನಾ?"

ನಾನು ತಬ್ಬಿಬ್ಬಾದೆ. ಇವೆಲ್ಲ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಪ್ಲಸ್ ಮೂರು ಆಗುವ ಲೋಹಗಳು. ಹೆಸರು ಮಾತ್ರ ಉಲ್ಟಾ. ಪುಸ್ತಕದಲ್ಲಿ 'ಲ್ಯಾಂಥನಾಯ್ಡ್' ಅಂತ ಇತ್ತು, ನಾನು ಬೋರ್ಡಿನ ಮೇಲೆ 'ನೈಡ್' ಅಂತ ಬರೆದಿದ್ದೆ. ಸುಮ್ನೆ ಸ್ಪೆಲಿಂಗ್ ವ್ಯತ್ಯಾಸ ಅಂದುಕೊಂಡಿದ್ದೆ.

ಮನೆಗೆ ಹೋಗಿ ಓದಿದೆ. ಅವಳು ಹಿಡಿದದ್ದೇ ಸರಿ. ಕೆಮಿಸ್ಟ್ರಿಯ ಹೆಸರುಗಳನ್ನು ತೀರ್ಮಾನಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ ಕೂಡ ಇದೇ ಕಾರಣಕ್ಕೆ 'ಆಯ್ಡ್' ಬಳಸಿ ಅನ್ನುತ್ತದೆ. ಆದರೆ 'ಆಯ್ಡ್' ಅಂದರೆ 'ಅದರ ಹಾಗಿರುವುದು'. ಲ್ಯಾಂಥನಮ್ಮು ತನ್ನ ಹಾಗೆ ತಾನೇ ಇರುವುದು ಹೇಗೆ? ಆ ಲೆಕ್ಕಕ್ಕೆ 14 ಆಗಬೇಕು. ಬಳಕೆಯಲ್ಲಿ ಅದನ್ನೂ ಸೇರಿಸಿ ಪರಮಾಣು ಸಂಖ್ಯೆ 57ರಿಂದ 71ರವರೆಗೆ 15 ಅನ್ನುತ್ತಾರೆ. ಒಂದು ತೂತು ಮುಚ್ಚಲು ಹೋಗಿ ಇನ್ನೊಂದು ಮಾಡಿದ ಹಾಗೆ, ಅಲ್ವಾ?

ಇವಕ್ಕೇ ಇರುವ ಇನ್ನೊಂದು ಹೆಸರು 'ರೇರ್ ಅರ್ತ್' ಇನ್ನೂ ತಮಾಷೆ. ಹಿಂದಿನ ಬೆಂಚಿನವನು "ಅಪರೂಪದ ಭೂಮಿ ಎಕರೆಗೆಷ್ಟು ಸರ್?" ಅಂದ. ಆಲೂಗಡ್ಡೆ ಬೆಳೆಯುವವರ ಮನೆ ಹುಡುಗ. ಹಳೆಯ ಕೆಮಿಸ್ಟ್ರಿಯಲ್ಲಿ 'ಅರ್ತ್' ಅಂದರೆ ನೀರಿಗೂ ಬೆಂಕಿಗೂ ಸುಲಭಕ್ಕೆ ಜಗ್ಗದ ಪುಡಿ, ಅಂದರೆ ಆಕ್ಸೈಡು. ಅದಕ್ಕೇ ಕನ್ನಡದ 'ವಿರಳ ಭಸ್ಮ' ನನಗೆ ಜಾಸ್ತಿ ಇಷ್ಟ. 'ಭಸ್ಮ' ಸರಿಯಾಗಿ ಕೂತಿದೆ. 'ವಿರಳ' ಮಾತ್ರ ಸುಳ್ಳು. ನೆಲದೊಳಗೆ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಕಷ್ಟವಿರುವುದು ಬೇರ್ಪಡಿಸುವುದರಲ್ಲಿ. ಈ ಪಟ್ಟಿಗೆ ಸ್ಕ್ಯಾಂಡಿಯಂ, ಯಿಟ್ರಿಯಂ ಕೂಡ ಸೇರಿ 17.

ಮುಂದಿನ ವರ್ಷ ಅಟ್ಟದಿಂದ ಅಜ್ಜನ ಕಾಲದ ಗ್ಯಾಸ್‌ಲೈಟ್ ಇಳಿಸಿ ಕ್ಲಾಸಿಗೆ ಒಯ್ದೆ. ಅದರಲ್ಲಿ ಉರಿಯ ಮೇಲೆ ಬೆಳಗುವ ಬಲೆಯಂಥ ಹಳೇ ಮ್ಯಾಂಟಲ್‌ನಲ್ಲಿ ಥೋರಿಯಂ ಭಸ್ಮದ ಜೊತೆ ನೂರಕ್ಕೆ ಒಂದು ಪಾಲು ಸೀರಿಯಂ ಭಸ್ಮ. ಥೋರಿಯಂಗೆ ವಿಕಿರಣ ಇದೆ, ಹಾಗಾಗಿ ಯಾರಿಗೂ ಮುಟ್ಟಲು ಬಿಡಲಿಲ್ಲ. ಇಂಥ ಮ್ಯಾಂಟಲ್ ಮಾಡಿದ್ದು ಆಸ್ಟ್ರಿಯಾದ ಕೆಮಿಸ್ಟ್ ವೆಲ್ಸ್‌ಬಾಕ್. ಲೈಟರ್ ಕಲ್ಲೂ ಅವನದೇ. ಅವಳಿ ಎಂಬ ಅರ್ಥದ 'ಡಿಡಿಮಿಯಂ' ಒಂದೇ ಧಾತು ಅಂತ ಬಹಳ ಕಾಲ ನಂಬಿದ್ದರು. 1885ರಲ್ಲಿ ಅದನ್ನು ಎರಡು ಮಾಡಿದವನೂ ಅವನೇ. ಹಸಿರು ಅವಳಿ ಪ್ರೇಸಿಯೋಡೈಮಿಯಂ, ಹೊಸ ಅವಳಿ ನಿಯೋಡೈಮಿಯಂ. ಇಷ್ಟು ಹೇಳಿದ ಮೇಲೆ ಆ ಎರಡು ಹೆಸರನ್ನು ಯಾರೂ ಮರೆಯಲಿಲ್ಲ.

ಕೊನೆಗೆ ಸ್ವೀಡನ್ನಿನ ಇಟರ್ಬಿ ಹಳ್ಳಿ. ಅದೊಂದೇ ಹೆಸರನ್ನು ಕತ್ತರಿಸಿ ಯಿಟ್ರಿಯಂ, ಟರ್ಬಿಯಂ, ಎರ್ಬಿಯಂ, ಇಟರ್ಬಿಯಂ ಅಂತ ನಾಲ್ಕು ಧಾತುಗಳ ಹೆಸರು ಮಾಡಿದ್ದಾರೆ. ನಮ್ಮ ಹುಡುಗರು ಬಿಡುತ್ತಾರೆಯೇ? ಹಾಸನಿಯಂ, ಆಸನಿಯಂ, ಸನಿಯಂ ಅಂತ ಬೋರ್ಡು ತುಂಬಿಸಿದರು. ಒಬ್ಬ ಚಾರ್ಟಿನಲ್ಲಿ 108ನೆಯ ಧಾತು 'ಹ್ಯಾಸಿಯಂ' ತೋರಿಸಿ "ಸರ್, ಆಗಲೇ ಇಟ್ಟುಬಿಟ್ಟಿದ್ದಾರೆ!" ಅಂತ ಕುಣಿದ. ಅದು ಜರ್ಮನಿಯ ಹೆಸ್ಸೆ ರಾಜ್ಯದ ಹೆಸರಿನಿಂದ ಬಂದದ್ದು ಅಂತ ಮರುದಿನ ಹೇಳಿದೆ.