ಸಾಂಕ್ರಾಮಿಕ ಬಂದಾಗ ಪ್ರವಾಸಿಗರು ಊರು ಆರಿಸುವ ಬಗೆ: ಶಿರಸಿ, ಕಾರವಾರ ಕಡೆಯ ಹೋಮ್‌ಸ್ಟೇಯವರ ತಯಾರಿ

ಕಾಯಿಲೆಯ ಸುದ್ದಿ ಜೋರಾದ ವಾರ ಹೋಮ್‌ಸ್ಟೇಗೆ ಬರುವ ಫೋನಿನ ಧಾಟಿಯೇ ಬೇರೆ. ‘ಯಾಣ ಎಷ್ಟು ದೂರ, ಉಂಚಳ್ಳಿ ಜಲಪಾತದಲ್ಲಿ ನೀರಿದೆಯಾ’ ಎಂಬುದು ಹಿಂದೆ ಸರಿದು, ‘ಬೇರೆ ಯಾರ್ಯಾರು ಇರ್ತಾರೆ, ಬಾತ್‌ರೂಮ್ ನಮಗಷ್ಟೇನಾ, ನಡುವೆ ವಾಪಸ್ ಹೋಗಬೇಕಾದರೆ ದುಡ್ಡು ಕೊಡ್ತೀರಾ’ ಎಂಬುದು ಮುಂದೆ ಬರುತ್ತದೆ. ಜಾಗ ಎಷ್ಟು ಚೆಂದ ಎನ್ನುವುದಕ್ಕಿಂತ, ಏನಾದರೂ ಆದರೆ ಅಲ್ಲಿಂದ ಮನೆಗೆ ಮರಳುವುದು ಎಷ್ಟು ಸುಲಭ ಎನ್ನುವುದೇ ಆಯ್ಕೆಯನ್ನು ತೀರ್ಮಾನಿಸುತ್ತದೆ. ಆದ್ದರಿಂದ ಹೊಸ ಫೋಟೊ ತೆಗೆಸುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಸಿದ್ಧ ಮಾಡಿಕೊಳ್ಳಿ.

ಯಾರು ಬರುತ್ತಾರೆ

ಭಾರತಕ್ಕೆ 2019ರಲ್ಲಿ ಸುಮಾರು 1.09 ಕೋಟಿ ವಿದೇಶಿ ಪ್ರವಾಸಿಗರು ಬಂದಿದ್ದರು. 2020ರಲ್ಲಿ ಅದು 27 ಲಕ್ಷಕ್ಕೆ, 2021ರಲ್ಲಿ 15 ಲಕ್ಷಕ್ಕೆ ಇಳಿಯಿತು. ನಿಯಮಿತ ಅಂತರರಾಷ್ಟ್ರೀಯ ವಿಮಾನಗಳು ಮತ್ತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ಗೋಕರ್ಣದ ಕುಡ್ಲೆ, ಓಂ ಬೀಚ್‌ಗಳಲ್ಲಿ ಚಳಿಗಾಲವಿಡೀ ತಂಗುವ ವಿದೇಶಿಯರನ್ನೇ ನೆಚ್ಚಿಕೊಂಡವರು ಎರಡು ಸೀಸನ್ ಪೂರ್ತಿ ಕಳೆದುಕೊಂಡರು. ಇಂಥ ಹೊತ್ತಿನಲ್ಲಿ ನೆಚ್ಚಬಹುದಾದ ಗಿರಾಕಿ ಸ್ವಂತ ಕಾರಿನಲ್ಲಿ ಮನೆಮಂದಿಯೊಂದಿಗೆ ಬರುವವರು.

ಅವರು ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ದಾರಿಯಲ್ಲಿ ಎಷ್ಟು ಸಲ ಇಳಿಯಬೇಕು ಎಂದು ಎಣಿಸುತ್ತಾರೆ. ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು 100 ಕಿ.ಮೀ.; ಎಲ್ಲೂ ನಿಲ್ಲದೆ ಬರಬಹುದು. ಬೆಂಗಳೂರಿನಿಂದ ಸುಮಾರು 400 ಕಿ.ಮೀ.; ಊಟಕ್ಕೆ, ಶೌಚಾಲಯಕ್ಕೆ ಕನಿಷ್ಠ ಎರಡು ಕಡೆ ಇಳಿಯಲೇಬೇಕು, ಭಯ ಇರುವುದೂ ಅಲ್ಲೇ. ಹಾಗಾಗಿ ಪ್ರಚಾರ ಮೊದಲು ಹುಬ್ಬಳ್ಳಿ-ಧಾರವಾಡ, ಹಾವೇರಿ, ಶಿವಮೊಗ್ಗದ ಕಡೆಗಿರಲಿ. ಬೆಂಗಳೂರಿನವರಿಗೆ ‘ಬೆಳಗಿನ ಜಾವ 5ಕ್ಕೆ ಹೊರಡಿ, ಬುತ್ತಿ ಕಟ್ಟಿಕೊಳ್ಳಿ, ಇಂಥ ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ ಚೊಕ್ಕ ಇದೆ’ ಎಂದು ಬರೆದು ಕಳಿಸಿ. ಕಾರವಾರದವರು ಗೋವಾ ಗಿರಾಕಿಗಳನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಲೇಸು. ರಾಜ್ಯದ ಗಡಿಯಲ್ಲಿ ತಪಾಸಣೆ ಬಿಗಿಯಾದರೆ ಮಾಜಾಳಿ ಚೆಕ್‌ಪೋಸ್ಟ್ ದಾಟುವುದು ದಿನ ಬೆಳಗಾಗುವುದರೊಳಗೆ ಕಷ್ಟವಾಗಿಬಿಡುತ್ತದೆ.

ಮಳೆಗಾಲವಾದರೆ ಘಟ್ಟದ ಸ್ಥಿತಿಯನ್ನೂ ಹೇಳಿ. 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದದ್ದು ಕೋವಿಡ್ ಕಾಲದಲ್ಲೇ. ದೇವಿಮನೆ ಘಟ್ಟ ಬಂದ್ ಆದರೆ ಬದಲಿ ದಾರಿ ಯಾವುದು, ಎಷ್ಟು ಹೊತ್ತು ಹೆಚ್ಚು ಎಂಬುದು ಮೊದಲೇ ಬರೆದಿಟ್ಟ ಸಂದೇಶದಲ್ಲಿರಲಿ.

ಕೋಣೆಯ ಗಾಳಿ

ಕೋವಿಡ್‌ನಂಥ ಉಸಿರಾಟದ ಕಾಯಿಲೆ ಹೆಚ್ಚಾಗಿ ಹರಡುವುದು ಗಾಳಿಯಿಂದ. ಆದರೂ ಹೆಚ್ಚಿನವರು ದುಡ್ಡು ಸುರಿದದ್ದು ಬಾಗಿಲ ಹಿಡಿಕೆ ಒರೆಸುವುದಕ್ಕೆ. ಒರೆಸಿ, ಬೇಡವೆನ್ನುವುದಿಲ್ಲ: ಅಂಗಡಿಯಲ್ಲಿ ಸಿಗುವ 5% ಸೋಡಿಯಂ ಹೈಪೊಕ್ಲೋರೈಟ್ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿದರೆ 1% ದ್ರಾವಣ. ಅದಕ್ಕೆ ಟಾಯ್ಲೆಟ್ ಆ್ಯಸಿಡ್ ಮಾತ್ರ ಸೇರಿಸಬೇಡಿ, ಕ್ಲೋರಿನ್ ವಿಷಾನಿಲ ಬರುತ್ತದೆ. ಹಿತ್ತಾಳೆ ಚಿಲಕ ಕಪ್ಪಾಗುತ್ತದೆ, ಬಣ್ಣದ ಹೊದಿಕೆಯ ಮೇಲೆ ಬಿದ್ದರೆ ಕಲೆ.

ಗಾಳಿಯ ಲೆಕ್ಕ ಹೀಗೆ. 10×12 ಅಡಿ ಕೋಣೆ, 10 ಅಡಿ ಎತ್ತರ ಎಂದರೆ 1,200 ಘನ ಅಡಿ, ಸುಮಾರು 34 ಘನ ಮೀಟರ್. ಗಂಟೆಗೆ 6 ಸಲ ಗಾಳಿ ಬದಲಾಗಬೇಕಾದರೆ ಎಕ್ಸಾಸ್ಟ್ ಫ್ಯಾನ್ ಗಂಟೆಗೆ 204 ಘನ ಮೀಟರ್ ಗಾಳಿ ಹೊರಹಾಕಬೇಕು. ಡಬ್ಬದ ಮೇಲೆ ಬರೆದಿರುವ ಅಂಕಿ ನೋಡಿ 250ಕ್ಕೆ ಮೇಲಿನದನ್ನೇ ತನ್ನಿ. ಜಾಳಿಗೆಗೆ ಧೂಳು ಕಟ್ಟಿದರೆ ಅದರಲ್ಲಿ ಒಂದಷ್ಟು ಹೋಗುತ್ತದೆ. ಫ್ಯಾನಿನ ಎದುರು ಗೋಡೆಯಲ್ಲಿ ಗಾಳಿ ಒಳಬರುವ ಕಿಟಕಿ ತೆರೆದಿರಬೇಕು. ಬಹಳ ಕಡೆ ಎಡವುವುದು ಇಲ್ಲೇ: ಫ್ಯಾನ್ ಬಾತ್‌ರೂಮಿನಲ್ಲಿ, ಅದರ ಬಾಗಿಲು ಮುಚ್ಚಿದೆ, ಸೊಳ್ಳೆಗೆ ಹೆದರಿ ಕಿಟಕಿಯೂ ಮುಚ್ಚಿದೆ. ಫ್ಯಾನ್ ಸದ್ದು ಮಾಡುತ್ತದೆ, ಗಾಳಿ ಮಾತ್ರ ಕದಲುವುದಿಲ್ಲ. ಕಿಟಕಿಗೆ ಸೊಳ್ಳೆ ಪರದೆ ಹೊಡೆಸಿ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಎಸಿ ಕೋಣೆಗೇ ಹೆಚ್ಚು ಬಾಡಿಗೆ ಎಂಬ ಹಳೆಯ ಲೆಕ್ಕ ಈ ಕಾಲದಲ್ಲಿ ತಲೆಕೆಳಗಾಗಲಿಕ್ಕೆ ಕಾರಣ ಅದು.

ಗಂಟೆಗೆ 6 ಸಲ ಗಾಳಿ ಬದಲಾದರೆ ಹಿಂದಿನವರು ಬಿಟ್ಟುಹೋದ ಕಣಗಳಲ್ಲಿ 99% ಸುಮಾರು 46 ನಿಮಿಷದಲ್ಲಿ ಹೊರಹೋಗುತ್ತವೆ. 2 ಸಲ ಮಾತ್ರವಾದರೆ 138 ನಿಮಿಷ. ಆದ್ದರಿಂದ ಒಬ್ಬರು ಹೊರಟು ಇನ್ನೊಬ್ಬರು ಬರುವ ನಡುವೆ ಮೂರು ಗಂಟೆ ಬಿಡಿ, ಕೆಲಸದವರು ಕಿಟಕಿ ತೆರೆದು ಅರ್ಧ ಗಂಟೆಯಾದ ಮೇಲೇ ಒಳಹೋಗಲಿ. ಕಾರ್ಬನ್ ಡೈಆಕ್ಸೈಡ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು: ಹೊರಗೆ ಸುಮಾರು 420 ಪಿಪಿಎಂ ಇರುತ್ತದೆ, ಕೋಣೆಯಲ್ಲಿ 800ರ ಕೆಳಗಿದ್ದರೆ ಗಾಳಿ ಚೆನ್ನಾಗಿ ಆಡುತ್ತಿದೆ. ಕರಾವಳಿಯ ಮಳೆ ಪಡುವಣದಿಂದ ಬಡಿಯುವುದರಿಂದ ಜೂನ್‌ನಿಂದ ಪಶ್ಚಿಮದ ಕಿಟಕಿ ಮುಚ್ಚಿ, ಪೂರ್ವದ್ದನ್ನು ತೆರೆದಿಡಿ.

ಊಟ ಅಂಗಳದಲ್ಲೋ ಜಗುಲಿಯಲ್ಲೋ, ಒಂದೊಂದು ಕುಟುಂಬಕ್ಕೆ ಬೇರೆ ಹೊತ್ತಿಗೆ. ಪಂಕ್ತಿ ಬೇಡ.

ಮುಂಗಡದ ಮಾತು

ಇಂಥ ಕಾಲದಲ್ಲಿ ಬುಕಿಂಗ್ ತಡವಾಗಿ ಬರುತ್ತದೆ, ಬೇಗ ರದ್ದಾಗುತ್ತದೆ. ಮುಂಗಡ 20–25% ಮೀರದಿರಲಿ. ನಿಯಮ ಎರಡೇ ಸಾಲಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹೋಗಲಿ: ‘ಜ್ವರ ಬಂದರೆ ಅಥವಾ ಸರಕಾರ ನಿರ್ಬಂಧ ಹಾಕಿದರೆ ಮುಂಗಡ ಪೂರ್ತಿ ವಾಪಸ್, ಇಲ್ಲವೇ 12 ತಿಂಗಳೊಳಗೆ ಬೇರೆ ದಿನ. ಉಳಿದ ಕಾರಣಕ್ಕೆ 48 ಗಂಟೆ ಮೊದಲು ತಿಳಿಸಿ.’ ಜ್ವರಕ್ಕೆ ಡಾಕ್ಟರ ಚೀಟಿ ಕೇಳಬೇಡಿ. ಕೇಳಿದರೆ ಜ್ವರ ಮುಚ್ಚಿಟ್ಟು ಬಂದುಬಿಡುತ್ತಾರೆ. ವಾಪಸ್ ಕೊಡುವ ಮುಂಗಡಕ್ಕಿಂತ ಅದರ ನಷ್ಟ ದೊಡ್ಡದು.

ಆಸ್ಪತ್ರೆಯ ವಿಷಯ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಉತ್ತರ ಕನ್ನಡ ಜಿಲ್ಲೆಯ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಬೀದಿಗಿಳಿದದ್ದು ಎಲ್ಲರಿಗೂ ಗೊತ್ತು. ಹತ್ತಿರದ ತಾಲ್ಲೂಕು ಆಸ್ಪತ್ರೆ, ಕಾರವಾರದ ಸರಕಾರಿ ಮೆಡಿಕಲ್ ಕಾಲೇಜು, ಹುಬ್ಬಳ್ಳಿ – ಮೂರಕ್ಕೂ ನಿಮ್ಮ ಮನೆಯಿಂದ ಎಷ್ಟು ಹೊತ್ತು ಎಂದು ಬರೆಯಿರಿ. 108ಕ್ಕೆ ಕರೆ ಮಾಡಲು ನೆಟ್‌ವರ್ಕ್ ತೋಟದ ಯಾವ ಮೂಲೆಯಲ್ಲಿ ಸಿಗುತ್ತದೆ ಎಂಬುದನ್ನೂ.

ಮಂಗನ ಕಾಯಿಲೆಯ ಪ್ರಶ್ನೆ

ಶಿರಸಿ, ಸಿದ್ದಾಪುರದವರಿಗೆ ಇದು ಬೇರೆಯೇ ತಲೆನೋವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಪೇಟೆಯವರಿಗೆ ಈ ವ್ಯತ್ಯಾಸ ತಿಳಿಯದು. ಟಿವಿಯಲ್ಲಿ ಹೆಸರು ಕೇಳಿದೊಡನೆ ಬನವಾಸಿಯನ್ನೂ ಬಿಡುತ್ತಾರೆ. ‘ಇಲ್ಲಿ ಏನೂ ಇಲ್ಲ’ ಎನ್ನಬೇಡಿ. ಡಿಸೆಂಬರಿನಿಂದ ಮೇ ತನಕ ಬೆಟ್ಟದ ಕಾಲುದಾರಿಗೆ ಕರೆದೊಯ್ಯುವುದಿಲ್ಲ, ದರಕಿನ (ಒಣ ಎಲೆಯ) ಮೇಲೆ ಕೂರಿಸುವುದಿಲ್ಲ, ಕಾಡಂಚಿಗೆ ಹೋಗುವುದಾದರೆ ಕಾಲು ಮುಚ್ಚುವ ಬಟ್ಟೆ ಹಾಕಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಸುತ್ತೇವೆ, ವಾಪಸಾದ ಕೂಡಲೇ ಬಿಸಿನೀರು ಸೋಪಿನ ಸ್ನಾನ – ಇಷ್ಟು ಹೇಳಿ, ಹಾಗೆಯೇ ಮಾಡಿ. ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಬರುವುದರಿಂದ ಅಷ್ಟರೊಳಗೆ ಅತಿಥಿ ಊರು ಸೇರಿರುತ್ತಾರೆ. ಕಾಡಿಗೆ ಹೋಗಿದ್ದೆ ಎಂದು ಅಲ್ಲಿನ ಡಾಕ್ಟರಿಗೆ ಹೇಳುವಂತೆ ತಿಳಿಸಿ. ಸತ್ತ ಮಂಗ ಕಂಡರೆ ಮುಟ್ಟದೆ ಇಲಾಖೆಗೆ ಸುದ್ದಿ ಕೊಡಿ.

ಜನವಿಲ್ಲದ ಕಡಲತೀರ

ಗದ್ದಲ ತಪ್ಪಿಸಿಕೊಳ್ಳಲು ಬಂದವರು ‘ಯಾರೂ ಇಲ್ಲದ ಬೀಚ್ ತೋರಿಸಿ’ ಎನ್ನುತ್ತಾರೆ. ಕುಮಟಾ, ಅಂಕೋಲೆಯ ಸಣ್ಣ ತೀರಗಳನ್ನು ತೋರಿಸುವ ಮುನ್ನ ಯೋಚಿಸಿ: ಜನವಿಲ್ಲದ ಕಡೆ ಜೀವರಕ್ಷಕರೂ ಇರುವುದಿಲ್ಲ. ಬಂಡೆಯ ಪಕ್ಕ, ನದಿ ಕಡಲು ಸೇರುವ ಅಳಿವೆಯಲ್ಲಿ ಸೆಳೆತ ಜೋರು. ಅಂಥಲ್ಲಿ ನಡೆಯಲು ಮಾತ್ರ ಕಳಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೇ ಇಳಿಸಬೇಡಿ. ಈಜಲೇಬೇಕೆಂದರೆ ಜೀವರಕ್ಷಕರಿರುವ ತೀರಕ್ಕೇ ಕರೆದೊಯ್ಯಿರಿ, ಚೊಕ್ಕ, ಸುರಕ್ಷಿತ ತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಹೊನ್ನಾವರದ ಕಾಸರಕೋಡಿನಂಥದ್ದಕ್ಕೆ, ಅದೂ ವಾರದ ನಡುವೆ, ಬೆಳಿಗ್ಗೆ 9ರೊಳಗೆ.