ಜವಾರಿ ಜೋಳದ ಬೀಜ: ರಾಶಿಯಿಂದಲ್ಲ, ನಿಂತ ಬೆಳೆಯಿಂದ ಆರಿಸಿ

ರಾಶಿ ಮಾಡಿದ ಮೇಲೆ ಚೀಲದಿಂದ ನಾಲ್ಕು ಸೇರು ತೆಗೆದು ಬೀಜಕ್ಕೆ ಇಡುವುದರಿಂದಲೇ ಜವಾರಿ ಜೋಳ ಹೆಚ್ಚು ಕೆಡುತ್ತದೆ. ಬೆರಕೆ ಗಿಡದ ಕಾಳು, ಕಾಡಿಗೆ ರೋಗ ಹತ್ತಿ ಕಪ್ಪು ಪುಡಿಯಾದ ಕಾಳು, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಯಲಬುರ್ಗಾ, ಲಿಂಗಸುಗೂರು, ಸಿರುಗುಪ್ಪದ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿತ್ತುವವರು ಬೀಜವನ್ನು ನಿಂತ ಬೆಳೆಯಲ್ಲೇ ಆರಿಸಬೇಕು.

ಜೋಳ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದರೂ ಸಾಮಾನ್ಯವಾಗಿ ನೂರರಲ್ಲಿ ಐದರಿಂದ ಹದಿನೈದು ಕಾಳು ಬೇರೆ ಗಿಡದ ಪರಾಗದ್ದಿರಬಹುದು. ಪಕ್ಕದ ಹೊಲದಲ್ಲಿ ಮಾಲದಂಡಿಯಂಥ ಬೇರೆ ತಳಿಯೋ ಹೈಬ್ರಿಡ್ಡೋ ಇದ್ದರೆ ಬೀಜದ ತಾಕನ್ನು ಅದರಿಂದ 200 ಮೀಟರ್ ದೂರ ಇಡಿ. ಅಷ್ಟು ಜಾಗ ಇಲ್ಲದಿದ್ದರೆ ತೆನೆ ಹೊರಬಂದ ಕೂಡಲೇ, ಹೂ ಬಿರಿಯುವ ಮುಂಚೆ, ದಪ್ಪ ಕಾಗದದ ಚೀಲ ಕಟ್ಟಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಬೂಸಲು ಬರುತ್ತದೆ. ಹೂ ತುದಿಯಿಂದ ಬುಡದವರೆಗೆ ಇಳಿದು ಮುಗಿದ ಮೇಲೆ ಚೀಲ ಬಿಚ್ಚಿ. ಹುರಿದು ಅರಳಿಸುವ ಪಂಚಮಿಯ ಅಳ್ಳಿನ ಜೋಳ, ಹಸಿಕಾಳು ಸುಟ್ಟು ತಿನ್ನುವ ಸೀತನಿ ಜೋಳಕ್ಕೆ ಈ ಕಾಳಜಿ ಇನ್ನೂ ಹೆಚ್ಚು ಬೇಕು. ಬೆರಕೆಯಾದರೆ ಅರಳುವ ಗುಣ, ಹಸಿಕಾಳಿನ ಸಿಹಿ ಎರಡೂ ಕುಗ್ಗುತ್ತವೆ.

ಹೊಲಕ್ಕೆ ಎರಡು ಸಲ ಹೋಗಿ. ಮೊದಲನೆಯದು ಹೂ ಬಿಡುವ ಹೊತ್ತಿಗೆ: ಎತ್ತರ, ಎಲೆ, ತೆನೆಯ ಆಕಾರ ಬೇರೆಯಿರುವ ಗಿಡಗಳನ್ನು ಪರಾಗ ಉದುರುವ ಮುಂಚೆಯೇ ಕಿತ್ತುಹಾಕಿ. ಎರಡನೆಯದು ಕಾಳು ಗಟ್ಟಿಯಾದಾಗ: ಒಳ್ಳೆಯ ಗಿಡಕ್ಕೆ ಕೆಂಪು ದಾರ ಕಟ್ಟುತ್ತ ಬನ್ನಿ. ಬದುವಿನ ಕಡೆಯ ನಾಲ್ಕು ಸಾಲು ಬಿಡಿ. ಅಲ್ಲಿ ಬಿಸಿಲು, ಜಾಗ ಹೆಚ್ಚು ಸಿಕ್ಕಿ ತೆನೆ ದಪ್ಪವಾಗಿರುತ್ತದೆ, ಅದು ಬೀಜದ ಗುಣವಲ್ಲ. ಬುಡ ಕೊಳೆತು ಬಾಗಿದ ಗಿಡದ ತೆನೆ ಎಷ್ಟು ದೊಡ್ಡದಿದ್ದರೂ ಬೇಡ. ನಮ್ಮ ಬರದ ನೆಲದಲ್ಲಿ ಕೊನೆಯ ತನಕ ನೆಟ್ಟಗೆ ನಿಂತದ್ದೇ ಬೀಜ.

ದೊಡ್ಡ ಹತ್ತು ತೆನೆಗೇ ತೃಪ್ತರಾಗಬೇಡಿ. ಕಡಿಮೆ ಗಿಡಗಳಿಂದ ಬೀಜ ತೆಗೆದರೆ ತಳಿಯೊಳಗಿನ ವೈವಿಧ್ಯ ಕೆಲವೇ ವರ್ಷಗಳಲ್ಲಿ ಸಣ್ಣದಾಗುತ್ತದೆ. ಹೊಲದುದ್ದಕ್ಕೂ ತಿರುಗಿ 150 ಗಿಡ ಗುರುತಿಸಿ. ಎಕರೆಗೆ 3 ಕೆಜಿ ಬೀಜ ಸಾಕು, ಉಳಿದದ್ದು ಮಳೆ ಕೈಕೊಟ್ಟ ವರ್ಷಕ್ಕೆ.

ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಕಂಡರೆ ಬಲಿತಿದೆ ಎಂದರ್ಥ. ತೆನೆಗಳನ್ನು ಬೇರೆ ಕಣದಲ್ಲಿ ಒಣಗಿಸಿ ಕೈಯಿಂದ ಬಡಿದು ಬಿಡಿಸಿ. ಯಂತ್ರದಲ್ಲಿ ಹಿಂದಿನವರ ಕಾಳು ಉಳಿದಿರುತ್ತದೆ, ಮೊಳಕೆಯ ಭಾಗಕ್ಕೆ ಪೆಟ್ಟೂ ಬೀಳುತ್ತದೆ.

ಒಣಗಿದ್ದು ತಿಳಿಯಲು ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಎರಡು ಚಮಚ ಒಣ ಉಪ್ಪು ಹಾಕಿ ಅಲುಗಾಡಿಸಿ. ಹತ್ತು ನಿಮಿಷದ ನಂತರ ಉಪ್ಪು ಗಾಜಿಗೆ ಅಂಟಿದರೆ ತೇವ ಇನ್ನೂ 15 ಪ್ರತಿಶತಕ್ಕಿಂತ ಹೆಚ್ಚಿದೆ. ಅಂಟದಿದ್ದರೂ ಎರಡು ಮೂರು ದಿನ ಬಿಸಿಲು ಕೊಡಿ. ಆರಿದ ಮೇಲೆ, ಅಂದರೆ ಬಿಸಿಲಿನ ಕಾವು ಹೋದ ಮೇಲೆ, ಡಬ್ಬಿ ಕಂಠದವರೆಗೆ ತುಂಬಿ, ಜರಡಿ ಹಿಡಿದ ಒಣ ಬೂದಿ ಎರಡು ಬೆರಳು ದಪ್ಪ ಹರಡಿ ಮುಚ್ಚಿ. ಬಿಸಿ ಕಾಳು ತುಂಬಿದರೆ ಒಳಗೆ ನೀರೊಡೆದು ಬೂಸಲು, ಹಿಂದೆಯೇ ನುಸಿ. ತಳಿಯ ಹೆಸರು, ವರ್ಷ ಬರೆದ ಚೀಟಿ ಒಳಗೊಂದು, ಹೊರಗೊಂದು. ಅರ್ಧ ಬೀಜ ನಂಬಿಕೆಯ ಇನ್ನೊಂದು ಮನೆಯಲ್ಲಿರಲಿ.

ಉತ್ತರಿ, ಹಸ್ತ ಮಳೆಗೆ ಬಿತ್ತುವ ಹದಿನೈದು ದಿನ ಮೊದಲು 100 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹತ್ತು ದಿನದೊಳಗೆ 75 ಮೊಳೆಯದಿದ್ದರೆ ಇನ್ನೊಂದು ಮನೆಯ ಡಬ್ಬಿ ತೆರೆಯಿರಿ. ಕಾಡಿಗೆ ರೋಗ ತಡೆಯಲು ಬಿತ್ತುವ ಮುಂಚೆ ಕೆಜಿಗೆ 4 ಗ್ರಾಂ ಗಂಧಕದ ಪುಡಿ ಸವರಿ. ಗಂಧಕ ಸವರಿದ ಕಾಳು ಉಳಿದರೆ ರೊಟ್ಟಿಗೂ ಬೇಡ, ದನಕ್ಕೂ ಬೇಡ.