ಪೀಠದಲ್ಲಿ ಕೂತ ಮಧ್ಯಾಹ್ನಗಳು

ವಿಧಾನಸಭೆಯ ಗದ್ದಲವನ್ನು ಟೀವಿಯಲ್ಲಿ ಎಲ್ಲರೂ ನೋಡಿರುತ್ತೀರಿ. ಅದು ಹೆಚ್ಚಾಗಿ ಬೆಳಗಿನದು. ಊಟ ಆದ ಮೇಲಿನ ಸದನ ಬೇರೆಯೇ ತರಹ. ಅರ್ಧ ಕುರ್ಚಿ ಖಾಲಿ, ಪತ್ರಕರ್ತರ ಗ್ಯಾಲರಿಯಲ್ಲಿ ನಾಲ್ಕೈದು ಜನ. ಸಭಾಧ್ಯಕ್ಷರೂ ಒಂದಿಷ್ಟು ಹೊತ್ತು ಎದ್ದು ಹೋಗುತ್ತಾರೆ. ಉಪಸಭಾಧ್ಯಕ್ಷರೂ ಇಲ್ಲದಿದ್ದರೆ ಪೀಠದಲ್ಲಿ ಕೂತು ಸದನ ನಡೆಸಲು ಶಾಸಕರಲ್ಲೇ ಕೆಲವರ ಹೆಸರಿನ ಒಂದು ಪಟ್ಟಿ ಇರುತ್ತದೆ. ನಾನು ಶಾಸಕನಾಗಿದ್ದಾಗ ಅದರಲ್ಲಿ ನನ್ನ ಹೆಸರೂ ಇತ್ತು. ನನ್ನ ಪಾಲಿಗೆ ಬಂದದ್ದೆಲ್ಲ ಮಧ್ಯಾಹ್ನಗಳೇ.

ಮೊದಲ ದಿನ ಕೈಗೆ ಸಿಕ್ಕಿದ್ದು ಗಂಟೆ. ಯಾರು ಎದ್ದರೂ ಬಾರಿಸಿದೆ. ಹತ್ತು ನಿಮಿಷದಲ್ಲಿ ಅದು ಐಸ್‌ಕ್ಯಾಂಡಿ ಗಾಡಿಯ ಗಂಟೆ ಆಗಿಹೋಯಿತು, ಯಾರೂ ತಿರುಗಿ ನೋಡಲಿಲ್ಲ. ಕೆಳಗೆ ಕೂತಿದ್ದ ಅಧಿಕಾರಿಯೊಬ್ಬರು ಒಂದು ಚೀಟಿ ಕಳಿಸಿದರು. 'ಹೆಸರು ಹಿಡಿದು ಕರೆಯಿರಿ ಸರ್' ಅಂತ ಬರೆದಿತ್ತು.

ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಚೀಟಿಯಲ್ಲೇ ಇತ್ತು. ಇಪ್ಪತ್ತು ಜನ ಎದ್ದು ನಿಂತಾಗ 'ಕುಳಿತುಕೊಳ್ಳಿ, ಕುಳಿತುಕೊಳ್ಳಿ' ಅಂದರೆ ಅದು ಪಕ್ಕದವನಿಗೆ ಹೇಳಿದ್ದು ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಅದರ ಬದಲು ಒಬ್ಬರ ಹೆಸರು ಹೇಳಿ, 'ನಿಮ್ಮ ಹೆಸರು ಬರೆದುಕೊಂಡಿದ್ದೇನೆ, ಇವರ ನಂತರ ನೀವೇ, ಐದು ನಿಮಿಷ' ಅಂದು ನೋಡಿ. ಅವರು ಕೂರುತ್ತಾರೆ. ಅವರು ಕೂತರೆ ಸುತ್ತಲಿನ ಮೂವರೂ ಕೂರುತ್ತಾರೆ. ಆದರೆ ಹೇಳಿದ ಹಾಗೆ ಅವರನ್ನೇ ಕರೆಯಬೇಕು. ಒಮ್ಮೆ ಮರೆತು ಬೇರೆಯವರನ್ನು ಕರೆದಿದ್ದೆ. ಆ ಸದಸ್ಯರು ಇಡೀ ಅಧಿವೇಶನ ನನ್ನ ಮಾತು ಕೇಳಲಿಲ್ಲ. ತಪ್ಪು ನನ್ನದೇ. ಆಮೇಲಿಂದ ಒಂದು ಹಾಳೆಯಲ್ಲಿ ಹೆಸರು, ಶುರು ಮಾಡಿದ ಹೊತ್ತು, ಎರಡನ್ನೂ ಬರೆದಿಟ್ಟುಕೊಳ್ಳುತ್ತಿದ್ದೆ.

ಇನ್ನು ಕ್ರಿಯಾಲೋಪ, ಅಂದರೆ ಸದನದ ನಿಯಮ ಮುರಿಯುತ್ತಿದೆ ಅನ್ನುವ ಆಕ್ಷೇಪ. ಎದುರಿನವರ ಮಾತು ತಡೆಯಲು ಅದಕ್ಕಿಂತ ಸುಲಭದ ದಾರಿ ಇಲ್ಲ. 'ಸನ್ಮಾನ್ಯ ಅಧ್ಯಕ್ಷರೇ, ಕ್ರಿಯಾಲೋಪ' ಅಂತ ಎದ್ದರೆ ಪೀಠ ಕೇಳಲೇಬೇಕು. ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: 'ಯಾವ ನಿಯಮ?' ಅರ್ಧ ಜನ ಅಲ್ಲಿಗೇ ಕೂರುತ್ತಿದ್ದರು. ಉಳಿದವರಲ್ಲಿ ಒಬ್ಬಿಬ್ಬರು ನಿಜವಾಗಲೂ ಪುಸ್ತಕ ಓದಿ ಬಂದಿರುತ್ತಿದ್ದರು, ಅಂಥವರ ಎದುರು ನನಗೇ ಬೆವರು.

ಕಡತದ, ಅಂದರೆ ಸದನದ ಮಾತುಗಳ ದಾಖಲೆಯ ವಿಷಯಕ್ಕೆ ಬರೋಣ. 'ಇದು ಕಡತಕ್ಕೆ ಹೋಗುವುದಿಲ್ಲ' ಅನ್ನುವ ಮಾತಿಗೆ ಬಹಳ ತೂಕವಿದೆ. ಶಾಸಕ ಕೂಗುವುದು ಮಂತ್ರಿಗೆ ಕೇಳಲಿ ಅಂತ ಮಾತ್ರ ಅಲ್ಲ. ನಾಳೆ ಕ್ಷೇತ್ರದಲ್ಲಿ 'ನಾನು ಸದನದಲ್ಲಿ ಮಾತಾಡಿದ್ದೇನೆ, ದಾಖಲೆ ನೋಡಿ' ಅನ್ನಬೇಕು. ಮೈಕ್ ಇಲ್ಲ, ಕಡತವೂ ಇಲ್ಲ ಅಂದರೆ ದನಿ ತಾನಾಗಿ ಇಳಿಯುತ್ತದೆ. ಬೈಗುಳ ಬಂದರೆ ಆ ಪದವನ್ನಷ್ಟೇ ತೆಗೆಸುತ್ತಿದ್ದೆ, ಇಡೀ ಮಾತನ್ನಲ್ಲ. 'ಸುಳ್ಳು' ಅಂದವರಿಗೆ 'ಸತ್ಯಕ್ಕೆ ದೂರ ಅನ್ನಿ' ಅನ್ನುತ್ತಿದ್ದೆ. ಅರ್ಥ ಒಂದೇ, ಅಲ್ವಾ? ಆದರೂ ಜಗಳ ಅಲ್ಲಿಗೇ ನಿಲ್ಲುತ್ತಿತ್ತು.

ಪೀಠದಲ್ಲಿರುವವರು ಎದ್ದು ನಿಂತರೆ ಮಿಕ್ಕವರೆಲ್ಲ ಕೂರಬೇಕು. ಇದು ನಿಯಮ. ಇದನ್ನು ಜಾಸ್ತಿ ಬಳಸಬಾರದು. ನಾನು ಎದ್ದು ನಿಂತದ್ದು ಒಂದೇ ಸಲ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ.

ಉತ್ತರ ಕರ್ನಾಟಕದ ಚರ್ಚೆಗೆ ಅಂತಲೇ ಅಲ್ಲಿ ಸೇರಿದ್ದೆವು. ಆದರೆ ಬೇರೆ ಬೇರೆ ವಿಷಯದಲ್ಲೇ ಮೂರು ದಿನ ಕಳೆದಿತ್ತು. ನಾಲ್ಕನೇ ದಿನ ನೀರಾವರಿ ಬಗ್ಗೆ ಮಾತಾಡಲು ಕಾದಿದ್ದ ಹಿರಿಯರೊಬ್ಬರು ಸದನದ ಬಾವಿಗೆ, ಅಂದರೆ ಪೀಠದ ಮುಂದಿನ ಖಾಲಿ ಜಾಗಕ್ಕೆ ಇಳಿದರು. 'ನಮ್ಮ ಮಾತ್ ಕೇಳಾವ್ರು ಯಾರ್ ಅದಾರ್ರೀ ಇಲ್ಲಿ?' ಅಂದರು. ಹಿಂದೆಯೇ ಹದಿನೈದು ಜನ ಇಳಿದರು. ಆಗ ಎದುರು ಪಕ್ಷದ ಒಬ್ಬರು, 'ನೀವೂ ಅವರ ಪಕ್ಷದವರೇ ತಾನೆ, ಸುಮ್ನೆ ನಾಟಕ ನೋಡ್ತಾ ಕೂತಿದ್ದೀರಿ' ಅಂತ ನನ್ನನ್ನೇ ಚುಚ್ಚಿದರು. ನಾನು ಅಲ್ಲಿ ಎಡವಿದೆ. ಪೀಠದಲ್ಲಿದ್ದೇನೆ ಅನ್ನುವುದನ್ನು ಮರೆತು, ಪಕ್ಷದವನಾಗಿ ತಿರುಗಿ ಉತ್ತರ ಕೊಟ್ಟೆ. ಪೀಠದಲ್ಲಿ ಕೂತವರಿಗೆ ಮೊದಲ ಮತವೂ ಇಲ್ಲ, ಎರಡೂ ಕಡೆ ಸಮ ಬಂದರಷ್ಟೇ ಮತ. ಮತವೇ ಇಲ್ಲದವನಿಗೆ ಮಾರುತ್ತರ ಎಲ್ಲಿಯದು?

ಸದನ ಹೊತ್ತಿಕೊಂಡಿತು. ಎದ್ದು ನಿಂತೆ. ಏನೂ ಮಾತಾಡಲಿಲ್ಲ. ಒಬ್ಬೊಬ್ಬರಾಗಿ ದನಿ ತಗ್ಗಿಸಿದರು. 'ನನ್ನ ಮಾತನ್ನು ನಾನೇ ಕಡತದಿಂದ ತೆಗೆಸುತ್ತಿದ್ದೇನೆ' ಅಂದೆ. ಹತ್ತು ನಿಮಿಷ ಸದನ ಮುಂದೂಡಿದೆ.

ಹತ್ತು ನಿಮಿಷ ಅಂದದ್ದು ನಲವತ್ತಾಯಿತು. ಅದು ಯಾವಾಗಲೂ ಹಾಗೆಯೇ. ಕೊಠಡಿಯಲ್ಲಿ ಎರಡೂ ಕಡೆಯ ಸಚೇತಕರು (ಸದನದಲ್ಲಿ ತಮ್ಮ ಪಕ್ಷದವರನ್ನು ಹಿಡಿತದಲ್ಲಿಡುವವರು), ಚಹಾ, ಒಂದು ತಟ್ಟೆ ಕುಂದಾ. ಆ ಹಿರಿಯರನ್ನೂ ಕರೆಸಿದೆ. 'ಏನು ಬೇಕು ಯಜಮಾನ್ರೇ?' ಅಂತ ಕೇಳಿದೆ. 'ಇವತ್ತೇ ಮಾತಾಡಬೇಕ್ರೀ, ಮಂತ್ರಿಗಳು ಎದುರಿಗಿರಬೇಕು' ಅಂದರು. ಅಷ್ಟೇ ಬೇಡಿಕೆ. ಮಂತ್ರಿಯನ್ನು ಹುಡುಕಿ ಕರೆತರುವುದಕ್ಕೇ ಉಳಿದ ಅರ್ಧ ಗಂಟೆ ಹೋಯಿತು.

ಹೊರಗೆ ಹಾಕಬಹುದಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಅಮಾನತಿಗೆ ದಾರಿ ಇದೆ. 2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಸಭೆಯಲ್ಲೇ 18 ಜನರನ್ನು ಆರು ತಿಂಗಳಿಗೆ ಅಮಾನತು ಮಾಡಿ, ಮೇ ತಿಂಗಳಲ್ಲಿ ವಾಪಸ್ ಪಡೆದರು. ಮಹಾರಾಷ್ಟ್ರದಲ್ಲಿ 12 ಶಾಸಕರನ್ನು ಒಂದು ವರ್ಷ ಹೊರಗಿಟ್ಟದ್ದನ್ನು 2022ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಪೀಠದ ಮೇಲೆ ಯಾರಾದರೂ ಕೈ ಮಾಡಿದರೆ ನಾನೂ ಅಮಾನತಿನ ಪರವೇ. ಆದರೆ ನೀರು ಕೇಳಲು ಬಾವಿಗಿಳಿದವರನ್ನು ಮಾರ್ಷಲ್‌ಗಳ ಕೈಯಲ್ಲಿ ಹೊರಿಸಿ ಕಳಿಸುವುದು ನನ್ನಿಂದ ಆಗದ ಕೆಲಸ. ಅವರ ಹಿಂದೆ ಒಂದಿಡೀ ಕ್ಷೇತ್ರ ಹೊರಗೆ ಹೋಗುತ್ತದೆ.

ಸದನ ಮತ್ತೆ ಸೇರಿದಾಗ ತಲೆ ಎಣಿಸಿದೆ. ಕೋರಂಗೆ, ಅಂದರೆ ಸದನ ನಡೆಯಲು ಇರಲೇಬೇಕಾದ ಕನಿಷ್ಠ ಹಾಜರಿಗೆ, ಹತ್ತನೇ ಒಂದು ಭಾಗ ಬೇಕು, 224 ಜನರ ಸದನಕ್ಕೆ 23. ಸರಿಯಾಗಿ 26 ಜನ ಇದ್ದರು. ಹಿರಿಯರು 22 ನಿಮಿಷ ಮಾತಾಡಿದರು. ನಾನು ಗಂಟೆ ಮುಟ್ಟಲಿಲ್ಲ. ಯಾರೂ ನಡುವೆ ಏಳಲೂ ಇಲ್ಲ.

ಮರುದಿನ ಪೀಠದಲ್ಲಿ ಬೇರೆಯವರಿದ್ದರು, ನಾನು ನನ್ನ ಕುರ್ಚಿಯಲ್ಲಿ. ನಮ್ಮ ತಾಲ್ಲೂಕಿನ ಆಸ್ಪತ್ರೆಯ ವಿಷಯ ಬಂತು. ಮಂತ್ರಿಗಳ ಉತ್ತರ ಕೇಳಿ ತಡೆಯಲಾಗದೆ ಎದ್ದು ಕೂಗತೊಡಗಿದೆ. ಪೀಠದಿಂದ ನನ್ನ ಹೆಸರು ಕೇಳಿಸಿತು. 'ಬರೆದುಕೊಂಡಿದ್ದೇನೆ, ಇವರ ನಂತರ ನೀವೇ. ಐದು ನಿಮಿಷ.'

ಕೂತೆ.